ಮಳೆಗಾಲ ಮುಗಿದ ಮೇಲೆ ಬರುವ ಮಿಸ್ಸಿಂಗ್

ಇದನ್ನು ಬರೆಯಬೇಕೆಂದು ಕೂತು ಹಾಗೇ ಎದ್ದು ಹೋದದ್ದು ಎಷ್ಟು ಸಲವೋ. ಒಂದು ಸಲ ಕನ್ನಡಕ ಸಿಗಲಿಲ್ಲ, ಇನ್ನೊಂದು ಸಲ ಪೆನ್ನು ಬರೆಯಲಿಲ್ಲ, ಮತ್ತೊಂದು ಸಲ ಅಂಗಡಿಗೆ ಗಿರಾಕಿ ಬಂದ. ಎಲ್ಲ ನೆವ. ಮೆಟ್ರಿಕ್ ಪಾಸಾದವನಿಗೆ ನಾಲ್ಕು ಪುಟ ಬರೆಯುವುದು ದೊಡ್ಡ ಮಾತಲ್ಲ. ಬರೆದದ್ದನ್ನು ತಿರುಗಿ ಓದಬೇಕಲ್ಲ, ಅದಕ್ಕೆ ಹೆದರಿ ಮುಂದೂಡುತ್ತ ಬಂದೆ. ನನಗೀಗ ಎಪ್ಪತ್ತನಾಲ್ಕು. ಇನ್ನು ಮುಂದೂಡಲು ಧೈರ್ಯ ಸಾಲದು.

ಸಿರ್ಸಿಯಲ್ಲಿ ನನ್ನದೊಂದು ಅಂಗಡಿ. ಹುಲ್ಲು ಕೊಯ್ಯುವ ಮಷಿನ್, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಗರಗಸ ಇವನ್ನು ದಿನದ ಬಾಡಿಗೆಗೆ ಕೊಡುವುದು ಕಸುಬು. ಚೌತಿ ಮುಗಿದು ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದರೆ ಸಾಕು, ಸಿದ್ದಾಪುರ, ಯಲ್ಲಾಪುರ, ಬನವಾಸಿ ಎಲ್ಲ ಕಡೆಯಿಂದ ಜನ ಹುಲ್ಲಿನ ಮಷಿನ್ ಕೇಳಿಕೊಂಡು ಬರುತ್ತಾರೆ. ಸೊಂಟದೆತ್ತರ ಬೆಳೆದ ಕಳೆ ತೆಗೆಯದೆ ತೋಟಕ್ಕೆ, ಗದ್ದೆಯ ಬದುವಿಗೆ ಕಾಲಿಡುವ ಹಾಗಿರುವುದಿಲ್ಲ. ಆ ಗದ್ದಲ ಡಿಸೆಂಬರ್ ತನಕ. ಆಮೇಲೆ ಮಷಿನ್‌ಗಳೆಲ್ಲ ಮೂಲೆ ಸೇರುತ್ತವೆ.

ಈ ಮಷಿನ್‌ಗಳಿಗೆ ಬರೀ ಪೆಟ್ರೋಲ್ ಹಾಕುವಂತಿಲ್ಲ. ಜೊತೆಗೆ ಒಂದಿಷ್ಟು ಎಣ್ಣೆ ಬೆರೆಸಬೇಕು. ಟೂಟಿ ಆಯಿಲ್ ಎನ್ನುತ್ತಾರೆ, ಹಿಂದೆ ಸ್ಕೂಟರುಗಳಿಗೆ ಹಾಕುತ್ತಿದ್ದದ್ದೇ. ಬಾಡಿಗೆಗೆ ಒಯ್ದವರು ತಾವೇ ಬೆರೆಸಿ ತುಂಬಿಸಿಕೊಳ್ಳುತ್ತಾರೆ, ಕೆಲಸ ಮುಗಿದ ಮೇಲೆ ತಂದು ಒಪ್ಪಿಸುತ್ತಾರೆ. ಟಾಕಿಯಲ್ಲಿ ಅರ್ಧ ಲೀಟರೋ ಕಾಲು ಲೀಟರೋ ಉಳಿದಿರುತ್ತದೆ. ಅದನ್ನು ಅವರು ಕೇಳುವುದಿಲ್ಲ, ನಾನೂ ನೆನಪಿಸುವುದಿಲ್ಲ. ನಮ್ಮಲ್ಲಿ ಅದು ನಡೆದುಬಂದ ರೀತಿ. ಮಷಿನ್ನಿನಲ್ಲಿ ಪೆಟ್ರೋಲ್ ನಿಂತರೆ ಹಾಳು ಎಂದು ನಾನು ಅದನ್ನು ಒಂದು ಕ್ಯಾನಿಗೆ ಬಸಿದುಕೊಳ್ಳುತ್ತಿದ್ದೆ. ಕ್ಯಾನು ತುಂಬಿದಾಗ, ಅಂಗಡಿಯ ಹಿಂದೆ ನಿಂತಿರುತ್ತಿದ್ದ ನನ್ನ ಕಾರಿಗೆ ಸುರಿಯುತ್ತಿದ್ದೆ. ಪೆಟ್ರೋಲನ್ನು ಚೆಲ್ಲುವುದುಂಟೇ? ಸ್ವಲ್ಪ ಎಣ್ಣೆ ಸೇರಿದರೆ ಎಂಜಿನ್ನಿಗೆ ಒಳ್ಳೆಯದೇ ಆದೀತು ಎಂದೂ ಅಂದುಕೊಂಡಿದ್ದೆ. ಕಾರಿಗೆ ಸುರಿಯುವ ಈ ಪದ್ಧತಿ ಶುರುವಾದದ್ದು ಅಂಗಡಿಗೆ ಹೊಸ ಮಷಿನ್‌ಗಳು ಬಂದ ವರ್ಷ. ಕಾರಿನ ಕಾಯಿಲೆ ಶುರುವಾದದ್ದೂ ಅದೇ ವರ್ಷ. ಓದುವವರಿಗೆ ಈಗಲೇ ಎಲ್ಲ ತಿಳಿದಿರಬೇಕು. ನನಗೆ ತಿಳಿಯಲು ಒಂದು ವರ್ಷದ ಮೇಲೆ ಹಿಡಿಯಿತು.

ಕಾರು ಹಳೆಯದು. ಕಾರ್ಬೊರೇಟರ್ ಕಾಲದ ಪೆಟ್ರೋಲ್ ಗಾಡಿ, ನಾಲ್ಕು ಸಿಲಿಂಡರ್, ನನ್ನ ಕೈಗೆ ಬರುವಾಗಲೇ ಇಬ್ಬರು ಯಜಮಾನರನ್ನು ಕಂಡಿತ್ತು. ಮಾಡಿದ ಕಂಪನಿಯ ಹೆಸರು ಇಲ್ಲಿ ಬೇಡ, ಅದರದ್ದೇನೂ ತಪ್ಪಿಲ್ಲ. ಚೌತಿ ಕಳೆದು ಒಂದು ತಿಂಗಳಿಗೆ ಅದು ಮಿಸ್ ಹೊಡೆಯತೊಡಗಿತು. ಸಲೀಸಾಗಿ ಓಡುತ್ತಿದ್ದ ಎಂಜಿನ್ ನಡುನಡುವೆ ಒಂದು ಹೊಡೆತ ತಪ್ಪಿಸುವುದು, ಗಾಡಿ ಮುಗ್ಗರಿಸುವುದು, ಮತ್ತೆ ಏನೂ ಆಗದ ಹಾಗೆ ಹೊರಡುವುದು. ಊರಂಚಿನ ನಿಲೇಕಣಿ ಹತ್ತಿರ ಮುಗ್ಗರಿಸಿದ್ದು ಪೇಟೆಗೆ ಬರುವಷ್ಟರಲ್ಲಿ ಸರಿಯಾಗುತ್ತಿತ್ತು. ಯಾರಿಗಾದರೂ ತೋರಿಸೋಣವೆಂದು ನಿಲ್ಲಿಸಿದರೆ ಸಾಧು ಹಸುವಿನ ಹಾಗೆ ನಿಂತಲ್ಲೇ ಮೆಲುಕು ಹಾಕುತ್ತಿತ್ತು. ಅವರು ಬೆನ್ನು ತಿರುಗಿಸಿದ್ದೇ ತಡ, ಟಪ್ ಟಪ್ ಎಂದು ಮತ್ತೆ ಶುರು. ನನಗೆ ಆ ಕಾರನ್ನು ಒದೆಯಬೇಕೆನ್ನಿಸುತ್ತಿತ್ತು. ಒಂದು ದಿನ ಒದ್ದೆ ಕೂಡ. ಹೆಬ್ಬೆರಳು ಎಂಟು ದಿನ ನೋಯಿತು.

ಊರಿನಲ್ಲಿ ಕಾರು ಇಲ್ಲದವರೂ ಅದಕ್ಕೆ ಔಷಧ ಹೇಳುತ್ತಿದ್ದರು. ಥಂಡಿ ಹಿಡಿದಿದೆ ಎಂದು ಒಬ್ಬರು ಹೇಳಿದರೆಂದು ಬಾನೆಟ್ಟಿನೊಳಗೆ ಬಲ್ಬು ಹಚ್ಚಿಟ್ಟೆ. ಇಲಿ ವೈರು ಕಡಿದಿರಬೇಕು ಎಂದು ಇನ್ನೊಬ್ಬರು ಹೇಳಿದರೆಂದು ಹೊಗೆಸೊಪ್ಪಿನ ಕಟ್ಟು ತಂದು ಎಂಜಿನ್ ಪಕ್ಕದಲ್ಲಿ ಸಿಕ್ಕಿಸಿದೆ. ಕಾರು ಓಡುವಾಗ ಆ ಸೊಪ್ಪು ಬಿಸಿಯಾಗಿ ನನಗೆ ತಲೆ ಸುತ್ತಿತು. ಮಿಸ್ಸಿಂಗ್ ಹಾಗೆಯೇ ಇತ್ತು.

ಕೊನೆಗೆ ಯಲ್ಲಾಪುರ ರಸ್ತೆಯ ಒಂದು ಗರಾಜಿಗೆ ಒಯ್ದೆ. ಅಲ್ಲಿಯ ಮಿಸ್ತ್ರಿಗೆ ಆಗ ಐವತ್ತರ ಆಸುಪಾಸು. ಒಬ್ಬನೇ ಕೆಲಸ ಮಾಡುವವನು, ಮಾತು ಕಡಿಮೆ. ಊರಿನಲ್ಲಿ ಅವನಿಗೊಂದು ಹೆಸರಿತ್ತು: ಬೇಕಿಲ್ಲದೆ ಎಂಜಿನ್ ಬಿಚ್ಚುವವನಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದ. ಬೇರೆ ಗರಾಜಿನವರೇ ತಮಗೆ ಬಗೆಹರಿಯದ ಗಾಡಿಯನ್ನು ಅವನ ಕಿವಿಗೆ ಕೊಡಲು ತರುತ್ತಿದ್ದರು. ಅದೇ ಅವನ ಆಸ್ತಿ. ಬೇರೆ ಬೋರ್ಡು, ಬಣ್ಣ, ದೊಡ್ಡ ಷೆಡ್ಡು ಏನೂ ಇರಲಿಲ್ಲ.

ಬಾನೆಟ್ ಎತ್ತುವ ಮೊದಲು ಅವನು ಕೇಳುವ ಪ್ರಶ್ನೆ ಮೂರು.

"ಯಾವಾಗಿಂದ ಶುರುವಾಯ್ತು ಸಾವ್ಕಾರ್ರೆ?"

"ಚೌತಿ ಆದ ಮ್ಯಾಲೆ."

"ಅದಕ್ಕಿಂತ ಮೊದ್ಲು ಎಲ್ಲಾದ್ರೂ ಬಿಚ್ಚಿಸಿದ್ರಾ?"

"ಇಲ್ಲ."

"ಎಂತಾದ್ರೂ ಹಾಕಿದ್ರಾ? ಆಯಿಲ್ಲು, ಪೌಡ್ರು, ಯಾರಾದ್ರೂ ಕೊಟ್ಟ ಔಷಧ?"

"ಹೊಗೆಸೊಪ್ಪು ಹಾಕೀನಿ ನೋಡು," ಎಂದೆ. ಅವನು ನಕ್ಕುಬಿಟ್ಟ. "ಸುಣ್ಣ ಒಂದು ಕಮ್ಮಿ ಆಯ್ತು ಹಂಗಾರೆ," ಎಂದ. ಮೂರನೆಯ ಪ್ರಶ್ನೆ ಆ ನಗೆಯಲ್ಲಿ ಮುಳುಗಿಹೋಯಿತು. ಆ ಕ್ಷಣದಲ್ಲಿ ಕ್ಯಾನಿನ ನೆನಪು ನನಗೆ ಬಂದಿರಲಿಲ್ಲ. ಅಷ್ಟರ ಮಟ್ಟಿಗೆ ನಾನು ನಿರಪರಾಧಿ, ಅಲ್ಲಿಗೆ ಮಾತ್ರ.

ಅವನು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಮೂರನೆಯದನ್ನು ಕಿತ್ತಾಗ ಎಂಜಿನ್ನಿನ ಸದ್ದು ಬದಲಾಗಲಿಲ್ಲ. ಅದೇ ಕೆಲಸ ಮಾಡದ ಸಿಲಿಂಡರ್. ಪ್ಲಗ್ ತೆಗೆದರೆ ಕಪ್ಪಗೆ, ಎಣ್ಣೆಯಲ್ಲಿ ಅದ್ದಿದ ಹಾಗಿತ್ತು. ಉಳಿದ ಮೂರೂ ಅದೇ ದಾರಿಯಲ್ಲಿದ್ದವು. ಒರೆಸಿ, ಉಜ್ಜಿ ಹಾಕಿದ. ಹತ್ತು ದಿನ ಚೆನ್ನಾಗಿ ಓಡಿತು, ಮತ್ತೆ ಅದೇ. ಹೊಸ ಪ್ಲಗ್ ಹಾಕಿದ. ಎರಡು ವಾರ. ವೈರು ಬದಲಿಸಿದ, ಪಾಯಿಂಟ್ ಬದಲಿಸಿದ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ಒಂದೊಂದು ಸಲವೂ ಗಾಡಿ ಸರಿಯಾಗಿ ನನಗೆ ಆಸೆ ಹುಟ್ಟಿಸುವುದು, ನಾನು ಖುಷಿಯಿಂದ ಕ್ಯಾನಿನಲ್ಲಿದ್ದದ್ದನ್ನು ಸುರಿಯುವುದು, ಅದು ಮತ್ತೆ ಟಪ್ ಟಪ್ ಎನ್ನುವುದು. ನನ್ನ ಅರ್ಧ ದಿನ ಅಂಗಡಿಯಲ್ಲಿ, ಅರ್ಧ ದಿನ ಗರಾಜಿನ ಬೆಂಚಿನ ಮೇಲೆ ಕಳೆಯುತ್ತಿತ್ತು.

ಒಂದು ಬೆಳಿಗ್ಗೆ ಅವನು ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ನನ್ನ ಕೈಯಿಂದ ಸೆಲ್ಫ್ ಹೊಡೆಸಿದ. ಗಾಳಿ ಅವನ ಬೆರಳನ್ನು ದಬ್ಬಿ ಹೊರಗೆ ಚಿಮ್ಮಿತು.

"ದಮ್ಮು ಇದೆ ಸಾವ್ಕಾರ್ರೆ. ಎಂಜಿನ್ ಮುದಿಯಾಗಿದ್ರೆ ಇಷ್ಟು ದಮ್ಮು ಇರ್ತಿರ್ಲಿಲ್ಲ. ಮತ್ತೆ ನೋಡಿ, ಎರಡು ತಿಂಗಳಾಯ್ತು, ಆಯಿಲ್ಲು ಒಂದು ಗೆರೆ ಇಳೀಲಿಲ್ಲ. ಪ್ಲಗ್ಗು ಮಾತ್ರ ಎಣ್ಣೇಲಿ ಮಿಂದಂಗೆ ಇದೆ. ಒಳಗಿನ ಎಣ್ಣೆ ಅಲ್ಲ ಇದು. ಹೊರಗಿಂದ ಬರ್ತಾ ಇದೆ."

"ಹೊರಗಿಂದ ಅಂದ್ರ?"

ಅವನು ಕಾರ್ಬೊರೇಟರಿನಿಂದ ಪೆಟ್ರೋಲನ್ನು ಒಂದು ಮುಚ್ಚಳಕ್ಕೆ ಬಸಿದ. ಬೆರಳು ಅದ್ದಿ, ಆರಲು ಬಿಟ್ಟು, ಎರಡು ಬೆರಳು ತಿಕ್ಕಿ ನೋಡಿದ. ಮೂಸಿದ.

"ಜಿಡ್ಡು ಇದೆ. ಬರೀ ಪೆಟ್ರೋಲ್ ಆಗಿದ್ರೆ ಬೆರಳು ಒಣಗಿ ಹೋಗ್ಬೇಕು. ಬಂಕಿಂದಲ್ದೇ ಬೇರೆ ಎಲ್ಲಿಂದಾದ್ರೂ ಹಾಕ್ತೀರಾ?"

ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಸಿದ್ದಾಪುರ ಕಡೆಯ ಹೆಗಡೆಯವರೊಬ್ಬರು ಕೂತಿದ್ದರು, ಜೊತೆಗೆ ಅವರ ಭಾವ. ಇಬ್ಬರೂ ಹಿಂದಿನ ವಾರವಷ್ಟೇ ನನ್ನಲ್ಲಿ ಮಷಿನ್ ಒಯ್ದು ತಂದುಕೊಟ್ಟವರು. ಅವರು ಕೊಟ್ಟ ಮಷಿನ್ನಿನಲ್ಲಿ ಮುಕ್ಕಾಲು ಟಾಕಿ ಉಳಿದಿತ್ತು. ಅದು ಆ ಹೊತ್ತಿಗೆ ನನ್ನ ಕಾರಿನಲ್ಲೇ ಇತ್ತು.

ನನಗೆ ಹೊಳೆದದ್ದು ಆಗಲೇ. ಮಿಸ್ಸಿಂಗಿಗೆ ಅದೇ ಕಾರಣವೆಂದು ಹೊಳೆಯಿತು ಎನ್ನಲಾರೆ. ಹೌದೆಂದರೆ ಏನಾಗುತ್ತದೆ ಎನ್ನುವುದು ಹೊಳೆಯಿತು. ಈ ಇಬ್ಬರು ಸಿದ್ದಾಪುರ ಮುಟ್ಟುವುದರೊಳಗೆ ಸುದ್ದಿ ಮುಟ್ಟುತ್ತದೆ. ನಾಳೆಯಿಂದ ಪ್ರತಿಯೊಬ್ಬನೂ ಟಾಕಿ ಬಸಿದುಕೊಂಡೇ ಮಷಿನ್ ಕೊಡುತ್ತಾನೆ, ಕೊಡುವಾಗ ನನ್ನ ಮುಖ ನೋಡಿ ನಗುತ್ತಾನೆ. ಕಾಲು ಲೀಟರ್ ಪೆಟ್ರೋಲ್ ಕದಿಯುವ ಸಾವ್ಕಾರ. ನಾನು ಎದ್ದು ನಿಂತೆ.

"ಏನು, ನಾನು ಕಳ್ಳ ಪೆಟ್ರೋಲ್ ಹಾಕ್ತೀನಂತ ಹೇಳ್ತೀಯೇನು? ನಿನಗ ರೋಗ ಸಿಗಲಿಲ್ಲ ಅಂದ್ರ ಸಿಗಲಿಲ್ಲ ಅನ್ನು. ಮಂದಿ ಮ್ಯಾಲೆ ಯಾಕ ಹಾಕ್ತೀ? ಬಂಕಿಂದು ಬಿಟ್ಟು ಒಂದು ಹನಿ ಹಾಕಿಲ್ಲ ನಾನು. ದೇವರಾಣಿ."

ಆಣೆ ಯಾರೂ ಕೇಳಿರಲಿಲ್ಲ. ನಾನಾಗಿಯೇ ಹಾಕಿದೆ.

ಮಿಸ್ತ್ರಿ ಸ್ವಲ್ಪ ಹೊತ್ತು ತನ್ನ ಬೆರಳುಗಳನ್ನೇ ನೋಡಿದ. ಆಮೇಲೆ ಬಟ್ಟೆಗೆ ಒರೆಸಿಕೊಂಡ. "ನೀವು ಹೇಳಿದ ಮೇಲೆ ಆಯ್ತು ಸಾವ್ಕಾರ್ರೆ. ಹಾಗಾರೆ ನಂದೇ ತಪ್ಪು. ಬಿಚ್ಚಿ ನೋಡ್ವ," ಎಂದ.

ಹೀಗೆ, ಬೇಕಿಲ್ಲದೆ ಎಂಜಿನ್ ಬಿಚ್ಚದವನು ನನ್ನ ಆಣೆಯನ್ನು ನಂಬಿ ಎಂಜಿನ್ ಬಿಚ್ಚಿದ. ಹೆಡ್ ಇಳಿಸಿದ, ಎಂಜಿನ್ನಿನ ಎಣ್ಣೆ ಸೋರದಂತೆ ತಡೆಯುವ ವಾಲ್ವಿನ ಸೀಲುಗಳನ್ನು ಬದಲಿಸಿದ, ಎಲ್ಲ ಉಜ್ಜಿ ತೊಳೆದು ಜೋಡಿಸಿದ. ಬಿಚ್ಚಿದ ಹಳೆಯ ಸೀಲುಗಳನ್ನು ಕೈಯಲ್ಲಿಟ್ಟುಕೊಂಡು ಒತ್ತಿ ಒತ್ತಿ ನೋಡುತ್ತಿದ್ದ. ಅವು ಚೆನ್ನಾಗಿಯೇ ಇದ್ದವು, ಅದು ಅವನಿಗೆ ಸಮಾಧಾನ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಜನವರಿ ಬಂದಿತ್ತು. ಹುಲ್ಲಿನ ಮಷಿನ್‌ಗಳು ಮೂಲೆ ಸೇರಿದ್ದವು, ಕ್ಯಾನು ಖಾಲಿ ಬಿದ್ದಿತ್ತು. ಕಾರು ಬೇಸಿಗೆಯಿಡೀ ಹೂವಿನ ಹಾಗೆ ಓಡಿತು. ನಾನು ಎಲ್ಲರೆದುರು ಅವನನ್ನು ಹೊಗಳಿದೆ.

ಮುಂದಿನ ಚೌತಿ ಕಳೆಯಿತು. ಟಪ್ ಟಪ್.

ನನ್ನ ಸಿಟ್ಟು ಎಷ್ಟಿತ್ತೆಂದರೆ ಆ ಸಲ ಅವನ ಬಳಿಗೆ ಹೋಗಲೇ ಇಲ್ಲ. ಅಂಗಡಿಯಲ್ಲಿ ಕೂತು ಬಂದವರೆದುರು ಹೇಳುತ್ತ ಹೋದೆ. ಒಳ್ಳೆಯ ಎಂಜಿನ್ ಬಿಚ್ಚಿ ಕೆಡಿಸಿಟ್ಟ. ಡೂಪ್ಲಿಕೇಟ್ ಸಾಮಾನು ಹಾಕುತ್ತಾನೆ. ಕಿವಿ ಗಿವಿ ಎಲ್ಲ ನಾಟಕ. ಡೂಪ್ಲಿಕೇಟ್ ಎಂದು ನನಗೆ ಯಾರೂ ಹೇಳಿರಲಿಲ್ಲ, ಬಾಯಿಗೆ ಬಂತು, ಅಂದೆ. ನನ್ನದು ಮೂರು ತಾಲ್ಲೂಕಿನ ಜನ ಬಂದು ಹೋಗುವ ಅಂಗಡಿ. ಗರಾಜಿನ ಬೆಂಚಿನಲ್ಲಿ ಅವತ್ತು ಕೂತಿದ್ದ ಅದೇ ಹೆಗಡೆಯವರು ಮಷಿನ್ ಒಯ್ಯಲು ಬಂದವರು ನನ್ನ ಮಾತು ಕೇಳಿ ತಮ್ಮ ಭಾವನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: "ಅಂವ ಡೂಪ್ಲಿಕೇಟ್ ಹಾಕ್ತ್ನಡ. ಆನು ಇನ್ನು ಜೀಪು ಅಲ್ಲಿಗೆ ತಗಂಡು ಹೋಗ್ತ್ನಿಲ್ಲೆ." ಅವರ ಜೀಪು ಇನ್ನು ಅಲ್ಲಿಗೆ ಹೋಗುವುದಿಲ್ಲವೆಂದು ಕೇಳಿ ನನಗೆ ಒಳಗೊಳಗೇ ಹಿತವಾಯಿತು. ಅದನ್ನೂ ಬರೆದುಬಿಡುತ್ತೇನೆ.

ಅದೇ ನವೆಂಬರಿನಲ್ಲಿ ಅಂಕೋಲೆಯ ಒಂದು ಮದುವೆಗೆ ಹೆಂಡತಿಯ ಜೊತೆ ಕಾರಿನಲ್ಲೇ ಹೋದೆ. ಹೋಗುವಾಗ ಇಳಿಜಾರು, ತೊಂದರೆ ಕಾಣಲಿಲ್ಲ. ಬರುವಾಗ ಅರಬೈಲ್ ಘಟ್ಟ ಹತ್ತಬೇಕು. ಎರಡನೆಯ ತಿರುವಿಗೇ ಮುಗ್ಗರಿಸತೊಡಗಿತು. ಹಿಂದೆ ಲಾರಿಗಳ ಸಾಲು, ಹಾರ್ನಿನ ಮೇಲೆ ಹಾರ್ನು. ಒಬ್ಬ ಡ್ರೈವರ್ ಪಕ್ಕದಲ್ಲಿ ದಾಟುವಾಗ ತಲೆ ಹೊರಹಾಕಿ, "ಯಜಮಾನ್ರೇ, ಕಾರಿಗೆ ಬಿಕ್ಕಳಿಕೆ ಬಂದದೆ, ಸಕ್ಕರೆ ತಿನ್ಸಿ!" ಎಂದು ಕೂಗಿ ಹೋದ. ನಾನು ಆ ಲಾರಿಗೆ, ಘಟ್ಟಕ್ಕೆ, ಮಿಸ್ತ್ರಿಗೆ, ಮದುವೆ ಮಾಡಿದವರಿಗೆ, ಎಲ್ಲರಿಗೂ ಬೈದೆ. ಗಾಡಿ ಒಂದು ಬದಿಗೆ ನಿಂತುಬಿಟ್ಟಿತು. ಹಿಂದಿನಿಂದ ನಮ್ಮದೇ ಹೊಗೆ ತೇಲಿಬಂದು ಕಿಟಕಿಯೊಳಗೆ ನುಗ್ಗಿತು.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಮತ್ತೆ ತೆಗೆದು ಮೂಸಿದಳು.

"ಅಲ್ರೀ, ಇದು ನಮ್ಮ ಅಂಗಡಿ ಹಿತ್ತಲದ ವಾಸನಿ ಅಲ್ಲೇನ್ರಿ? ಹುಲ್ಲಿನ ಮಷಿನ್ ಚಾಲೂ ಮಾಡಿದಾಗ ಹಿಂಗ ಬರತದ."

"ಸುಮ್ನ ಕೂಡು. ನಿನಗೇನ್ ತಿಳೀತದ ಎಂಜಿನ್ನು?"

"ಎಂಜಿನ್ ತಿಳಿಯೂದಿಲ್ರಿ. ವಾಸನಿ ತಿಳೀತದ. ಕ್ಯಾನಿನಾಗಿಂದು ಇದಕ್ಕ ಸುರೀತೀರಲ್ಲ, ಅದನ್ನ ಆ ಮಿಸ್ತ್ರಿಗೆ ಹೇಳಿದ್ರೇನು?"

ನಾನು ಕೆಳಗಿಳಿದು ಬಾನೆಟ್ ಎತ್ತಿದೆ. ಅರ್ಧ ಗಂಟೆಯ ಮೇಲೆ ಎಂಜಿನ್ ತಣ್ಣಗಾಗಿ, ಕಾರು ಕುಂಟುತ್ತ ಘಟ್ಟ ಹತ್ತಿತು. ಇಡಗುಂದಿ ದಾಟುವವರೆಗೂ ಅವಳ ಪ್ರಶ್ನೆ ಕಿವಿಯಲ್ಲೇ ಇತ್ತು. ಅಷ್ಟು ಬೈದು ದಣಿದಿದ್ದ ನನಗೆ ಅದು ಲಾರಿಯವನ ಮಾತಿಗಿಂತ ಚುಚ್ಚಿತು.

ಸಿರ್ಸಿಗೆ ಬಂದವನು ಟಾಕಿಯನ್ನು ಪೂರ್ತಿ ಬಸಿದೆ, ಬಂಕಿನ ಪೆಟ್ರೋಲ್ ತುಂಬಿಸಿದೆ, ನಾನೇ ಪ್ಲಗ್ ಉಜ್ಜಿ ಹಾಕಿದೆ. ಅಂದಿನಿಂದ ಇಂದಿನವರೆಗೆ ಆ ಕಾರು ಒಮ್ಮೆಯೂ ಮಿಸ್ ಹೊಡೆದಿಲ್ಲ. ಉಳಿದ ಪೆಟ್ರೋಲನ್ನು ಅಂದಿನಿಂದ ತಂದವರಿಗೇ ಬಸಿದು ಕೊಡುತ್ತೇನೆ. "ಇದೆಂತ ಹೊಸ ಪದ್ಧತಿ?" ಎಂದು ಕೇಳಿ ಒಯ್ಯುತ್ತಾರೆ. ಯಾರೂ ನಗಲಿಲ್ಲ. ನಾನು ಹೆದರಿದ್ದು ಇಷ್ಟಕ್ಕೆ!

ಆಗ ಗರಾಜು ಇನ್ನೂ ತೆರೆದೇ ಇತ್ತು. ಅಂಗಡಿಯಿಂದ ನಡೆದರೆ ಕಾಲು ಗಂಟೆ. ಹೋಗಿ, ನಿನ್ನ ಬೆರಳು ಹೇಳಿದ್ದು ಸರಿ, ಸುಳ್ಳು ನನ್ನದು ಎಂದು ಹೇಳಿ, ಆಮೇಲೆ ಅಂಗಡಿಗೆ ಬಂದವರಿಗೂ ಅದನ್ನೇ ಹೇಳಿದ್ದರೆ ಮುಗಿದಿತ್ತು. ನಾನು ಬೇರೆ ರಸ್ತೆಯಿಂದ ಓಡಾಡಿದೆ. ಹೆಂಡತಿ ವಾರಕ್ಕೊಮ್ಮೆ, "ಹೇಳಿ ಬಂದ್ರೇನು?" ಎಂದು ಕೇಳುವಳು. ಕಾರು ಸರಿಯಿದೆಯಲ್ಲ ಎಂದು ಹಾರಿಸುವೆ. "ಕಾರಿನ ಮಾತಲ್ರಿ ನಾ ಕೇಳಿದ್ದು," ಎನ್ನುವಳು. ಹೀಗೆ ಬೇಸಿಗೆ ಕಳೆಯಿತು. ಮುಂದಿನ ಮಳೆಗಾಲ ಹಿಡಿಯುವ ಹೊತ್ತಿಗೆ ಗರಾಜಿನ ಬಾಗಿಲು ಮುಚ್ಚಿತ್ತು. ಕೆಲಸ ಬರುತ್ತಿರಲಿಲ್ಲವಂತೆ, ಹೆಂಡತಿಯ ತವರಿನ ಕಡೆ ಹೋದನಂತೆ ಎಂದು ಪಕ್ಕದ ಚಹಾದಂಗಡಿಯವನು ಹೇಳಿದ.

ಕಳೆದ ವರ್ಷ ಹೆಂಡತಿಯೇ ಎಲ್ಲಿಂದಲೋ ತಿಳಿದುಕೊಂಡು ಬಂದಳು. ಇಡಗುಂದಿಯ ಹತ್ತಿರ ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಹಾಕುತ್ತಾನಂತೆ. "ನಡೀರಿ, ಮಾಗೋಡು ನೋಡಿ ಭಾಳ ವರ್ಷ ಆತು," ಎಂದಳು. ಮಾಗೋಡು ಜಲಪಾತದ ಮಾತು ನೆವವೆಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು. ಹೋದೆವು.

ತಗಡಿನ ಮಾಡು, ಗಾಳಿ ತುಂಬುವ ಮಷಿನ್, ಹಳೆಯ ಟೈರುಗಳ ರಾಶಿ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಬಂದ. ಬೈಯುತ್ತಾನೆ, ಮುಖ ತಿರುಗಿಸುತ್ತಾನೆ ಎಂದು ದಾರಿಯುದ್ದಕ್ಕೂ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದೆ. ಅವನು ಹಾಗೇನೂ ಮಾಡಲಿಲ್ಲ. "ಬನ್ನಿ ಸಾವ್ಕಾರ್ರೆ, ಅಕ್ಕ ಆರಾಮಾ? ಕೂತ್ಕಳ್ಳಿ," ಎಂದು ಸ್ಟೂಲು ಒರೆಸಿ ಕೊಟ್ಟ. ಚಹಾ ತರಿಸಿದ.

ಕಾರಿನ ಎಂಜಿನ್ ಇನ್ನೂ ಓಡುತ್ತಿತ್ತು, ಆರಿಸುವುದನ್ನು ಮರೆತಿದ್ದೆ. ಅವನು ಮಾತಿನ ನಡುವೆ ಕತ್ತು ವಾರೆ ಮಾಡಿ ಅದನ್ನು ಕೇಳಿದ.

"ಎಷ್ಟು ಚೆಂದ ಇದೆ ಈಗ! ಒಂದು ಏಟೂ ತಪ್ಪುದಿಲ್ಲ. ಎಲ್ಲಿ ಮಾಡ್ಸಿದ್ರಿ?"

ಹೇಳಲು ಇದೇ ಹೊತ್ತು. ಇದಕ್ಕಿಂತ ಸುಲಭವಾಗಿ ಯಾರೂ ಬಾಗಿಲು ತೆರೆದು ಕೊಡಲಾರರು.

"ಹುಬ್ಬಳ್ಳಿಯಾಗ," ಎಂದೆ.

ಹೆಂಡತಿ ಲೋಟ ಕೆಳಗಿಟ್ಟದ್ದು ಕೇಳಿಸಿತು.

"ಎಂತ ಇತ್ತಂತೆ?"

"ಏನೋ ಸಣ್ಣದು."

"ಸಣ್ಣದೇ ಇರ್ತದೆ," ಎಂದು ಅವನು ತಲೆಯಾಡಿಸಿದ. "ನಂಗೆ ಕಾಣ್ಲಿಲ್ಲ ನೋಡಿ. ಪೆಟ್ರೋಲಲ್ಲಿ ಎಣ್ಣೆ ಇದೆ ಅಂತ ನನ್ನ ಬೆರಳು ಹೇಳ್ತು, ನಿಮ್ಮಂಥವ್ರ ಮೇಲೆ ಸಂಶಯ ಬಂತು. ಆಮೇಲೆ ಸರಿ ಇದ್ದ ಎಂಜಿನ್ ಬಿಚ್ಚಿದೆ. ಅವತ್ತಿಂದ ಧೈರ್ಯ ಇಲ್ಲ ಸಾವ್ಕಾರ್ರೆ. ಯಾರಾದ್ರೂ ಎಂಜಿನ್ ತಂದ್ರೆ ಯಲ್ಲಾಪುರಕ್ಕೆ ಕಳಿಸ್ತೆ. ಕಿವಿ ಒಂದು ಹೇಳ್ತದೆ, ಹೌದೋ ಅಲ್ಲವೋ ಗೊತ್ತಾಗುದಿಲ್ಲ. ಟೈರಾದ್ರೆ ನೀರಲ್ಲಿ ಮುಳುಗ್ಸಿದ್ರೆ ಗುಳ್ಳೆ ಬರ್ತದೆ, ಅಲ್ಲಿಗೆ ಮುಗೀತು."

ಇಷ್ಟು ವರ್ಷ ನಾನು ತಿಳಿದಿದ್ದು, ನನ್ನಿಂದ ಅವನಿಗೆ ಗಿರಾಕಿ ತಪ್ಪಿತು, ಹೆಸರು ಹೋಯಿತು ಎಂದು. ಅದನ್ನು ಹೇಗೋ ಹೊತ್ತುಕೊಂಡಿದ್ದೆ. ಅವನ ಕಿವಿಯನ್ನು ಅವನೇ ನಂಬದ ಹಾಗೆ ಮಾಡಿದ್ದೇನೆ ಎನ್ನುವುದು ಗೊತ್ತಿರಲಿಲ್ಲ. ಒಂದು ವಾಕ್ಯ ಸಾಕಾಗಿತ್ತು. ಅವನಿಗೆ ಬೇಕಾದದ್ದು ನನ್ನ ಪಶ್ಚಾತ್ತಾಪವೂ ಅಲ್ಲ, ಬರೀ ಒಂದು ಸುದ್ದಿ: ಆ ಟಾಕಿಯಲ್ಲಿ ಎಣ್ಣೆ ಇತ್ತು. ಬಾಯಿ ತೆರೆದೆ. "ಮುಂದಿನ ಟೈರಿನ ಗಾಳಿ ನೋಡು," ಎಂದೆ.

ಅವನು ನೋಡಿದ. ಸರಿಯಾಗಿಯೇ ಇತ್ತು. ದುಡ್ಡು ಬೇಡವೆಂದ.

ವಾಪಸು ಬರುವಾಗ ಹೆಂಡತಿ ಕಿಟಕಿಯಿಂದಾಚೆ ನೋಡುತ್ತಿದ್ದಳು. ಯಲ್ಲಾಪುರ ಬಂದ ಮೇಲೆ, "ಮಾಗೋಡಿಗೆ ಹೋಗೂದಿಲ್ಲೇನ್ರಿ?" ಎಂದಳು. ಬೇಡ ಎಂದೆ. "ಅಲ್ಲಿಗಾದ್ರೂ ಹೋಗೂಣು. ಮನಿಗೆ ಹೋಗಿ ಏನ್ ಮಾಡೂದದ?" ಎಂದಳು. ಹೋದೆವು. ನೀರು ಕಡಿಮೆ ಇತ್ತು.

ಇದನ್ನು ಬರೆದು ಮುಗಿಸುವ ಬದಲು ಕಾರು ತೆಗೆದುಕೊಂಡು ಹೋಗಬಹುದಿತ್ತು. ಒಂದೂವರೆ ಗಂಟೆಯ ದಾರಿ. ಗಾಡಿ ಸರಿಯಿದೆ, ಟಾಕಿ ತುಂಬಿದೆ, ಕಾಲಿನಲ್ಲೂ ಇನ್ನೂ ಕಸುವಿದೆ. ಇಷ್ಟೆಲ್ಲ ಇದ್ದೂ ಕಾಗದದ ಮುಂದೆ ಕೂತಿದ್ದೇನೆ. ನನ್ನ ಮೇಲೆ ನನಗೇ ಬೇಸರ ಬಂದುಬಿಟ್ಟಿದೆ. ಬದುಕಿನಲ್ಲಿ ಅನೇಕರನ್ನು ನೋಯಿಸಿದ್ದೇನೆ, ಹೆಚ್ಚಿನವರಿಗೆ ಹೇಗೋ ಏನೋ ಹೇಳಿ ಕೈಮುಗಿದಿದ್ದೇನೆ. ಹೆಂಡತಿಗೂ, ಘಟ್ಟದಲ್ಲಿ ಬಾಯಿ ಮುಚ್ಚಿಸಿದ್ದಕ್ಕೆ, ಹೇಳಿದ್ದೇನೆ. ತಪ್ಪಾಯಿತು ಎಂದು ಒಮ್ಮೆಯೂ ಹೇಳದೆ ಉಳಿಸಿಕೊಂಡದ್ದು ಒಬ್ಬನಿಗೆ: ಹಿಂದೆ ಸಿರ್ಸಿಯ ಯಲ್ಲಾಪುರ ರಸ್ತೆಯಲ್ಲಿ ಎಂಜಿನ್ನಿಗೆ ಕಿವಿಗೊಡುತ್ತಿದ್ದ, ಈಗ ಇಡಗುಂದಿಯಲ್ಲಿ ಟೈರು ನೀರಿಗೆ ಮುಳುಗಿಸಿ ಗುಳ್ಳೆ ನೋಡುತ್ತಿರುವ ಆ ಮಿಸ್ತ್ರಿಗೆ.